ಗ್ಯಾಲರಿಗೆ ಬಂದ ಗಾದಿ

ಏಕನಾಥ: ಅದನ್ನ ಒಳಗ ತಗೋ ಅಂದ್ನೆಲ್ಲ ಕಾಶಿ. ಎಷ್ಟ ಸಲ ಹೇಳಬೇಕು?

ಕಾಶೀಬಾಯಿ: ಗಾದಿಗೆ ಮೂರ ದಿನ ಬಿಸಲ ಬೇಕ್ರಿ. ಇವತ್ತಿನ್ನೂ ಎರಡನೇದು. ಈಗ ಒಳಗ ತಂದ್ರ ಮತ್ತ ಮುಗ್ಗ ವಾಸನಿ.

ಗೋಕುಲ ರಸ್ತೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಗ್ಯಾಲರಿಯ ಕಟಾಂಜನದ ಮೇಲೆ ಗಾದಿ ರಸ್ತೆಗೆ ಮುಖ ಮಾಡಿ ಜೋತುಬಿದ್ದಿದೆ. ನಟ್ಟನಡುವೆ ತಟ್ಟೆಯಷ್ಟಗಲದ ಹಳದಿ ಕಲೆ. ನಿವೃತ್ತ ಹೆಡ್‌ಮಾಸ್ತರ ಏಕನಾಥರು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷಗಿರಿಗೆ ಶಾಂತಯ್ಯನ ವಿರುದ್ಧ ನಿಂತಿದ್ದಾರೆ. ಇವತ್ತೇ ಸಂಜೆ ಐದಕ್ಕೆ ಮತದಾನ. ಇಪ್ಪತ್ತನಾಲ್ಕು ಮನೆಯ ಮಂದಿಯೂ ಆ ಗಾದಿಯ ಕೆಳಗೇ ಓಡಾಡಬೇಕು.

ಏಕನಾಥ: ಆ ಹಳದಿ ಡಾಗ ಇದ್ದ ಬಾಜೂನ ಒಳಗ ತಿರುಗಿಸ್ಯರ ಹಾಕು.

ಕಾಶೀಬಾಯಿ: ಬಿಸಲ ರಸ್ತೆ ಕಡೆ ಬೀಳ್ತದ. ಬಿಸಲ ಬೇಕಾಗಿದ್ದು ಡಾಗಿಗೆ, ನನ್ನ ಮಾರಿಗಲ್ಲ.

ಏಕನಾಥ: ಮಂದಿ ಏನ ತಿಳ್ಕೋತಾರ?

ಕಾಶೀಬಾಯಿ: ಹಲ್ಲ ತಿಕ್ಕದ ಹಾಸಿಗ್ಯಾಗ ಕೂತು ಚಹಾ ಕುಡದ್ರ ಹಿಂಗಾಗ್ತದ ಅಂತ ತಿಳ್ಕೋತಾರ.

ಏಕನಾಥ: ಅದು ಚಹಾ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?

ಕಾಶೀಬಾಯಿ: ಹಂಗಾರ ಬರದ ಹಾಕ್ರಿ.

ಹೆಂಡತಿ ಹೇಳಿದ್ದು ಸಿಟ್ಟಿಗೆ. ಇವರು ಖರೇನೇ ರಟ್ಟು ಹುಡುಕಿ, ದುಂಡನೆಯ ಅಕ್ಷರದಲ್ಲಿ ‘ಇದು ಚಹಾದ ಕಲೆ’ ಎಂದು ಬರೆದು ಗಾದಿಗೆ ಪಿನ್ನು ಚುಚ್ಚಿ ಬಂದರು. ಅರ್ಧ ತಾಸಿನಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆರೆಯಲು ಹೋದ ಕಾಶೀಬಾಯಿ ಒಂದು ಡಬ್ಬಿ ಹಿಡಿದು ಒಳಗೆ ಬಂದಳು.

ಏಕನಾಥ: ಏನದು?

ಕಾಶೀಬಾಯಿ: ಎಳ್ಳುಂಡಿ. ಕೆಳಗಿನ ಮನಿ ಅಬೀದಾ ಕೊಟ್ಟ ಹೋದ್ಲು.

ಏಕನಾಥ: ಸಂಕ್ರಾಂತಿ ಆಗಿ ಮೂರ ತಿಂಗಳಾತಲ್ಲ?

ಕಾಶೀಬಾಯಿ: ಹಾಸಿಗ್ಯಾಗ ಉಚ್ಚಿ ಹೊಯ್ಯೋ ಹುಡುಗರಿಗೆ ಕೊಡ್ತಾರಲ್ರೀ, ಅದು. ದಿನಾ ಮಲಗೋ ಮುಂದ ಎರಡ ತಿನ್ನಬೇಕಂತ.

ಏಕನಾಥ: ಬೋರ್ಡ್ ಓದಲಿಲ್ಲೇನು ಆಕಿ?

ಕಾಶೀಬಾಯಿ: ಓದೇ ತಂದಾಳ. ಖರೇ ಚಹಾ ಇದ್ರ ಯಾರರ ಬೋರ್ಡ್ ಹಾಕ್ತಾರೇನು ಅಂದ್ಲು.

ಏಕನಾಥ: ಮೂವತ್ತ ವರ್ಷ ಸಾಲ್ಯಾಗ ಗಳಿಸಿದ ಮಾನ, ಒಂದ ಕಪ್ಪ ಚಹಾದಾಗ ಹೋತು.

ಕಾಶೀಬಾಯಿ: ಒಂದಲ್ರಿ, ಎರಡು.

ಏಕನಾಥರು ತಾವೇ ಗಾದಿ ಎಳೆಯಲು ಹೊರಟರು. ಅಷ್ಟರಲ್ಲಿ ಮೂರನೇ ಮಹಡಿಯ ಮುಕ್ತಾರ ಓಡಿ ಬಂದ. ಬೈಕ್ ರಿಪೇರಿ ಗ್ಯಾರೇಜಿನವನು, ಸಂಕೋಚದ ಮನುಷ್ಯ.

ಮುಕ್ತಾರ: ತಗೀಬ್ಯಾಡ್ರಿ ಕಾಕಾ. ನಮ್ಮ ಅಬ್ಬಾಂದೂ ಹಿಂಗಽ ಐತ್ರಿ. ಎರಡ ವರ್ಷಾತು, ಮಂದಿ ನೋಡ್ಯಾರು ಅಂತ ಗಾದಿ ಫ್ಯಾನಿನ ಕೆಳಗ ಒಣಗಸ್ತೀವಿ. ವಾಸನಿ ಹೋಗವಲ್ದು. ಮುದುಕ ನಾಚಿ ನೀರ ಕುಡಿಯೋದನ್ನಽ ಬಿಟ್ಟಾನ್ರಿ.

ಏಕನಾಥ: ಅಲ್ಲೋ ಮುಕ್ತಾರ, ಇದು...

ಮುಕ್ತಾರ: ಇಂಥಾ ಮನಿ ನಮ್ಮ ಬಿಲ್ಡಿಂಗಿನ್ಯಾಗ ಹದಿಮೂರ ಅದಾವ್ರಿ. ಕೂಸಿಂದೋ, ಮುದುಕರದೋ. ಶಾಂತಯ್ಯ ಆರಿಸಿ ಬಂದ್ರ ಗ್ಯಾಲರ್ಯಾಗ ಗಾದಿ ಹಾಕೋದನ್ನ ಬಂದ್ ಮಾಡ್ತಾನಂತ. ನೀವು ಎದಿಗಾರಿಕಿ ಮಾಡಿ ಹಾಕೀರಿ. ಹದಿಮೂರೂ ಓಟ ನಿಮಗ.

ಏಕನಾಥ: ಹದಿಮೂರು?

ಮುಕ್ತಾರ: ಆದ್ರ ಆ ಬೋರ್ಡ್ ನೋಡಿ ಮಂದಿಗೆ ಸಂಶಯ ಬಂದೈತ್ರಿ. ಖರೇನ ಚಹಾ ಇದ್ರ ನೀವು ನಮ್ಮವರಲ್ಲ. ಒಂದ ಮಾತ ಹೇಳಿಬಿಡ್ರಿ ಕಾಕಾ. ಚಹಾನೋ, ನಿಮ್ಮದೋ?

ಏಕನಾಥರು ಹೆಂಡತಿಯ ಕಡೆ ನೋಡಿದರು. ಆಕೆ ತಲೆ ಎತ್ತದೆ ಬಟ್ಟಲಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ಸುಳ್ಳು ಹೇಳಿದ ಹುಡುಗರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರರು ಗಂಟಲು ಸರಿಮಾಡಿಕೊಂಡರು.

ಏಕನಾಥ: ನಂದಽ ಅದಪಾ.

ಮುಕ್ತಾರ ಅವರ ಎರಡೂ ಕೈ ಹಿಡಿದು, ಕಣ್ಣೊರೆಸಿಕೊಂಡು, ಸುದ್ದಿ ಹೇಳಲು ಮೆಟ್ಟಿಲಿಳಿದ.

ಕಾಶೀಬಾಯಿ: ಆತಲ್ಲ. ಸರೀರಿ, ನಿಂಬಿ ರಸದಾಗ ಸೋಡಾ ಕಲಸೇನಿ, ಡಾಗ ತಿಕ್ಕಿಬಿಡ್ತೇನಿ.

ಏಕನಾಥ: ಓಟಿನ ಎಣಿಕಿ ಮುಗಿಯೋ ತನಕ ಅದನ್ನ ಮುಟ್ಟಬ್ಯಾಡ. ಡಾಗ ಆಗಲೇ ಬಿಸಲಿಗೆ ಮಾಸಲಿಕ್ಕತ್ತದ, ಲಗೂನ ಇನ್ನೊಂದ ಕಪ್ಪ ಚಹಾ ಮಾಡು.