ರೊಟ್ಟಿ ಮುರಿಯುತ್ತಾ ಹೇಳಿದ ‘ಮಸ್ತ್’

ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ಹೊಸಪೇಟೆಯ ನಮ್ಮ ಓಣಿಯಲ್ಲಿ ನನಗೆ ಹೆಸರಿದೆ. ಅದು ಹೇಗೆ ಬಂತೆಂದು ಯಾರೂ ವಿಚಾರಿಸದ ಕಾರಣ ಇನ್ನೂ ಉಳಿದಿದೆ. ಸುತ್ತ ನಾಲ್ಕು ಜನರಿದ್ದರೆ ಎಂಥ ಸತ್ಯವೂ ನನ್ನ ಬಾಯಿಗೆ ಬರುತ್ತದೆ. ಎದುರಿಗೆ ಒಬ್ಬರೇ ಇದ್ದರೆ, ಅದರಲ್ಲೂ ಆ ಒಬ್ಬರು ನಮ್ಮ ಅಕ್ಕ ಆಗಿದ್ದರೆ, ಅದು ಗಂಟಲಲ್ಲೇ ಕುಳಿತುಬಿಡುತ್ತದೆ.

ನಾನು ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಬಂಡಿ ಇಟ್ಟವನು. ಶಾಲೆ ಏಳನೆಯ ತರಗತಿಗೇ ಮುಗಿಯಿತು. ಆಮೇಲೆ ಓದುವ ಬರೆಯುವ ರೂಢಿ ತಪ್ಪದಂತೆ ನೋಡಿಕೊಂಡವಳು ಅಕ್ಕ. ತೋರಣಗಲ್ಲಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದುಡಿಯುವ ಅವಳು ತನಗಾಗಿ ಇಟ್ಟುಕೊಂಡಿದ್ದ ಹೊತ್ತೆಂದರೆ ಭಾನುವಾರ ಮಧ್ಯಾಹ್ನ ಓಣಿಯ ಭವನದಲ್ಲಿ ನಡೆಯುವ ಬರವಣಿಗೆ ಸ್ಪರ್ಧೆಯೊಂದೇ. ನನ್ನನ್ನೂ ಅಲ್ಲಿಗೆ ಎಳೆದುಕೊಂಡು ಹೋದವಳು ಅವಳೇ. ಅಲ್ಲಿ ಎಲ್ಲರೂ ಒಂದೊಂದು ವಿಷಯ ಬರೆದು, ಹೆಸರು ಹಾಕದೆ ಚೀಟಿಯನ್ನು ಡಬ್ಬಿಗೆ ಹಾಕಬೇಕು. ಒಂದನ್ನು ಎತ್ತಿ ಓದುತ್ತಾರೆ. ಬರೆಯಲು ಕೂರುವ ಮೊದಲು ವಿಷಯ ಹೇಗಿದೆ ಎಂದು ಯಾರು ಬೇಕಾದರೂ ಹೇಳಬಹುದು. ಇತ್ತೀಚೆಗೆ ಬರೀ ‘ತಾಯಿ’, ‘ಸ್ನೇಹ’, ‘ಸೂರ್ಯೋದಯ’ ಇಂಥವೇ ಬರುತ್ತಿದ್ದವು. ಎಲ್ಲರ ತಾಯಂದಿರೂ ಒಂದೇ ಥರ ಅತ್ತು, ಒಂದೇ ಥರ ಹಸಿದು ಮಲಗುತ್ತಿದ್ದರು.

ಒಂದು ಭಾನುವಾರ ಊಟಕ್ಕೆ ಕೂತಾಗ ಅಕ್ಕ ತನ್ನ ಚೀಟಿ ತೋರಿಸಿದಳು. ‘ಮಳೆ’ ಎಂದಷ್ಟೇ ಇತ್ತು.

“ಬಸ್ಸಿನ್ಯಾಗ ತೂಕಡಿಸಿಕೋಂತ ಬರದೀನಿ. ಹಿಂಗ ಇದ್ರ ನಡಿತೈತೇನೋ? ಖರೇ ಹೇಳು.”

ಆಗಷ್ಟೇ ತಾಟಿಗೆ ಬಿಸಿ ರೊಟ್ಟಿ ಬಿದ್ದಿತ್ತು. “ಮಸ್ತ್ ಐತಿ ಬಿಡಕ್ಕ,” ಅಂದೆ.

ಡಬ್ಬಿಯಿಂದ ಬಂದದ್ದೂ ಅದೇ ಚೀಟಿ. ಸ್ಪರ್ಧೆ ನಡೆಸುವ ಗಿರಣಿ ಸಾಹುಕಾರರು ನನ್ನ ಕಡೆ ತಿರುಗಿ, “ಮಿರ್ಚಿ ಸಾವ್ಕಾರ್ರು ಏನಂತಾರ? ಮುಲಾಜು ಬ್ಯಾಡ್ರಿ,” ಎಂದರು. ಭವನವೆಲ್ಲ ನನ್ನನ್ನೇ ನೋಡಿತು. ಅಷ್ಟು ಸಾಕಾಯಿತು.

“ಮಳಿ ಅಂದ್ರ ಏನ್ ಬರೀಬೇಕ್ರಿ? ಬಂತು, ಹೋತು, ಮುಗೀತು. ಇದನ್ನ ಕೊಟ್ಟೋರು ತಲಿ ಮನ್ಯಾಗ ಇಟ್ಟು ಬಂದಾರ. ಹಿಟ್ಟು ಹಚ್ಚದ ಮೆಣಸಿನಕಾಯಿ ಎಣ್ಣಿಗೆ ಬಿಟ್ಟಂಗಾತು.”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಅವಳ ನಗು ಎಲ್ಲರಿಗಿಂತ ಮೊದಲು ನಿಂತಿತು.

ಭವನದಲ್ಲಿ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳಿದ್ದು ಮನೆಯಲ್ಲಿ. ಹಿಂದೊಮ್ಮೆ ಕಂಪ್ಲಿಯ ಗಿರಾಕಿಯೊಬ್ಬರು ನನ್ನ ಬಂಡಿಯಲ್ಲಿ ಪ್ಲೇಟು ಖಾಲಿ ಮಾಡಿ, “ಭಾಳ ಚಲೋ ಅದಾವ,” ಎಂದು ಹೋಗಿ, ಪಕ್ಕದ ಚಹಾದಂಗಡಿಯಲ್ಲಿ ಎಲ್ಲರ ಮುಂದೆ “ಎಣ್ಣಿ ಹಳೇದು” ಅಂದಿದ್ದರು. ಎಣ್ಣೆ ಹಳೆಯದೇ ಆಗಿತ್ತು. ಆದರೂ ಆ ಮನುಷ್ಯನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮುಂದಿನ ಭಾನುವಾರ ಅಕ್ಕ ಹೊರಡಲಿಲ್ಲ. “ನೀ ಹೋಗಿ ಬಾ. ನನ್ನ ತಲಿ ಮನ್ಯಾಗ ಐತಲ್ಲ, ಅದನ್ನ ಕಾಯ್ಕೋಂತ ಕುಂದರ್ತೀನಿ,” ಅಂದಳು. ಅದರ ಮುಂದಿನ ವಾರವೂ ಅಷ್ಟೇ. ಅವಳಿಗಿದ್ದ ಒಂದೇ ಒಂದು ಮಧ್ಯಾಹ್ನವನ್ನು ನಾನು ನಗೆಯೊಂದಕ್ಕೆ ಮಾರಿಕೊಂಡಿದ್ದೆ. ತಪ್ಪಾಯಿತು ಎಂದು ಅವಳಿಗೆ ಹೇಳುವ ಬದಲು, ಭವನದಲ್ಲಿ ಓದಲೆಂದು ಇದನ್ನು ಬರೆಯಲು ಕೂತೆ. ಅಂದರೆ, ಮತ್ತೆ ಜನರ ಮುಂದೆಯೇ.

ಬರಹ ಇಲ್ಲಿಗೆ ಬರುವಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು. “ಏನ್ ಬರಿಯಾಕತ್ತೀಯಲೇ?”

“ಮಳಿ ಮ್ಯಾಲೆ.”

“ಬಂತು, ಹೋತು, ಮುಗೀತಲ್ಲ. ಇನ್ನೇನೈತಿ?” ಎನ್ನುತ್ತಾ ತಾಟಿಟ್ಟು ರೊಟ್ಟಿ ಹಾಕಿದಳು. “ಹೆಂಗಾಗೈತಿ ನೋಡು.”

ಸುತ್ತ ನೋಡಿದೆ. ನಾವಿಬ್ಬರೇ ಇದ್ದೆವು. “ಒಂದು ಕಡಿ ಸೀದೈತಕ್ಕ,” ಅಂದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. “ಆ ಚೀಟೀನೂ ಅವತ್ತು ಚಲೋ ಇರಲಿಲ್ಲ. ಇಲ್ಲೇ ಹೇಳಬೇಕಿತ್ತು. ತಪ್ಪಾತು.”

ಅವಳು ತಾಟಿನ ರೊಟ್ಟಿ ತಿರುವಿ ನೋಡಿದಳು. “ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನು? ಐತ್ವಾರ ಭವನಕ್ಕ ಬರ್ತೀನಿ ತಗೋ,” ಎಂದು ಒಳಗೆ ಹೋದಳು.

ಆಮೇಲೆ ಬಂದ ರೊಟ್ಟಿ ಎರಡೂ ಕಡೆ ಸೀದಿತ್ತು. ನಾನು ಚೂರೂ ಬಿಡದೆ ತಿಂದೆ.