ಫೋಟೊದಲ್ಲಿದ್ದ ಮನುಷ್ಯ ಮ್ಯಾಟಿನಿಗೆ ಬಂದದ್ದು

ಕಾಗದದ ಮೇಲೆ ನೆಮ್ಮದಿಯಾಗಿ ಇರುವವರನ್ನು ಎಬ್ಬಿಸಿ ನಡೆಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರ ಬಿಡಿಸುವವನಿಗೇನು ಕಷ್ಟ, ಎರಡು ಗೆರೆ ಎಳೆದರೆ ಸೊಂಟ ಸಣ್ಣಗಾಗುತ್ತದೆ, ಇನ್ನೆರಡು ಎಳೆದರೆ ಎದೆ ಅಗಲವಾಗುತ್ತದೆ. ಆ ಗೆರೆಗಳೊಳಗೆ ತನ್ನ ಹೊಟ್ಟೆ, ಬೆವರು, ಕೆಮ್ಮು ಎಲ್ಲವನ್ನೂ ತುರುಕಿಕೊಂಡು ನಿಲ್ಲಬೇಕಾದವನ ಪಾಡನ್ನು ಯಾರೂ ಕೇಳುವುದಿಲ್ಲ. ವಾರಪತ್ರಿಕೆಯ ಚಿತ್ರಕಥೆಯನ್ನು ಸಿನಿಮಾ ಮಾಡಿದಾಗಲೆಲ್ಲ 'ಪುಸ್ತಕದಲ್ಲಿದ್ದ ಹಾಗೆ ಇಲ್ಲ' ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಣ ಇಲ್ಲದೆ ಅಲ್ಲ. ಎಪ್ಪತ್ತರ ದಶಕದಲ್ಲಿ ಉಡುಪಿಯ ಒಂದು ಟಾಕೀಸಿನಲ್ಲಿ ನನ್ನ ಮದುವೆಯೇ ಅಂಥದ್ದೊಂದು ಸಿನಿಮಾಕ್ಕೆ ತಳುಕು ಹಾಕಿಕೊಂಡಿತ್ತು.

ಆಗ ನಾನು ಕಾರ್ಕಳದಲ್ಲಿ ಹೈಸ್ಕೂಲ್ ಮಾಸ್ಟ್ರು, ಮನೆ ಕುಕ್ಕುಂದೂರು. ವಯಸ್ಸು ಮೂವತ್ತು ದಾಟಿತ್ತು; ತಲೆಯ ಕೂದಲಿಗೆ ವಯಸ್ಸಿಗಿಂತಲೂ ಅವಸರ. ನಮ್ಮ ಕೊಂಕಣಿ ಕ್ರಿಶ್ಚಿಯನ್ನರಲ್ಲಿ ಸಂಬಂಧ ಕುದುರಿಸುವವರಿಗೆ ರಾಯ್ಬಾರಿ ಎನ್ನುತ್ತಾರೆ. ನಮ್ಮ ರಾಯ್ಬಾರಿ ಜೋಕಿಂ ಮಾಮ ನನ್ನನ್ನು ಕರೆದುಕೊಂಡು ಹೋದ ಎರಡು ಮನೆಯವರು ನನ್ನನ್ನು ಕಣ್ಣಾರೆ ಕಂಡು, ತಿಂಡಿ ಕೊಟ್ಟು, ಆಮೇಲೆ ತಿಳಿಸುತ್ತೇವೆ ಎಂದವರು ಇನ್ನೂ ತಿಳಿಸಿರಲಿಲ್ಲ. ಇನ್ನು ಈ ಮುಖವನ್ನು ನೇರವಾಗಿ ತೋರಿಸಿ ಪ್ರಯೋಜನವಿಲ್ಲವೆಂದು ನಿರ್ಧರಿಸಿದ ಜೋಕಿಂ ಮಾಮ ನನ್ನನ್ನು ಒಂದು ಸ್ಟುಡಿಯೋಕ್ಕೆ ಎಳೆದುಕೊಂಡು ಹೋದರು. ಸ್ಟುಡಿಯೋದವನು ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ ಹಿಡಿದು ಕೂತು, ದೇವರು ನನ್ನ ತಲೆಯಿಂದ ಹಿಂದಕ್ಕೆ ತೆಗೆದುಕೊಂಡದ್ದನ್ನೆಲ್ಲ ಒಂದೊಂದಾಗಿ ವಾಪಸು ಕೊಟ್ಟ. ಫೋಟೊ ನೋಡಿದ ನನ್ನ ಹೆತ್ತಮ್ಮ, ಹುಡುಗ ಚಂದ ಇದ್ದಾನೆ, ಯಾರ ಮಗ ಎಂದು ಕೇಳಿದರು.

ಆ ಫೋಟೊ ಕಾಪುವಿನ ಒಂದು ಮನೆಗೆ ಹೋಯಿತು. ಹುಡುಗಿಯ ಹೆಸರು ಫಿಲೊಮೆನಾ, ಮಣಿಪಾಲದಲ್ಲಿ ನರ್ಸ್. ಟ್ರೇ ಹಿಡಿದು ಯಾರೆದುರೂ ನಿಲ್ಲುವುದಿಲ್ಲ ಎಂದು ಆಕೆ ಮೊದಲೇ ಹೇಳಿಬಿಟ್ಟಳಂತೆ. ಆಕೆ ವಾರವಾರ ತಪ್ಪದೆ ಓದುತ್ತಿದ್ದ ಚಿತ್ರಕಥೆಯೊಂದು, ಕಡಲುಗಳ್ಳರನ್ನು ಸದೆಬಡಿಯುವ ನಾವಿಕನದ್ದು, ಸಿನಿಮಾ ಆಗಿ ಉಡುಪಿಗೆ ಬಂದಿತ್ತು. ಭಾನುವಾರ ಮ್ಯಾಟಿನಿಗೆ ಅದನ್ನು ನೋಡುವುದು ಖಂಡಿತ, ಹುಡುಗನಿಗೆ ಬೇಕಾದರೆ ಅಲ್ಲಿಗೇ ಬರಲಿ ಎಂದಳು. ಒಂದೇ ಬಸ್ಸಿನಲ್ಲಿ ಎರಡು ಕೆಲಸ ಆಗುತ್ತದೆಂದು ಜೋಕಿಂ ಮಾಮ ಹಿಗ್ಗಿದರು. ಹಿಗ್ಗಿನಲ್ಲಿ ಒಂದು ಸಂಗತಿ ಮರೆತರು. ಆ ಟಾಕೀಸಿನಲ್ಲಿ ಹೆಂಗಸರು ಒಂದು ಬದಿ, ಗಂಡಸರು ಇನ್ನೊಂದು ಬದಿ. ಕತ್ತಲೆಯಲ್ಲಿ, ನಡುವೆ ದಾರಿ ಬಿಟ್ಟು, ಇಬ್ಬರೂ ಪರದೆಯ ಕಡೆ ಮುಖ ಮಾಡಿ ಕೂತು ಹುಡುಗಿ ನೋಡುವ ಶಾಸ್ತ್ರ ನಡೆದದ್ದು ಇಡೀ ಜಿಲ್ಲೆಯಲ್ಲಿ ನನ್ನದೊಂದೇ ಇರಬೇಕು.

ಸಿನಿಮಾ ಶುರುವಾಯಿತು. ಚಿತ್ರಕಥೆಯ ನಾವಿಕ ಕಡಲ ಗಾಳಿಗೆ ಕೇಸರದಂಥ ಕೂದಲು ಹಾರಿಸಿಕೊಂಡು ನಿಲ್ಲುವವನು. ಪರದೆಗೆ ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಅವನು ಬಂದ. ಕಡಲು ಎಂದು ತೋರಿಸಿದ್ದು ಯಾವುದೋ ಊರಿನ ಕೆರೆ. ನನ್ನ ಹಿಂದೆ ಹೆಜಮಾಡಿಯ ಮೀನುಗಾರರ ಒಂದು ಸಾಲೇ ಕೂತಿತ್ತು. ಅವರಲ್ಲೊಬ್ಬ, "ಎಂತ ಮಾರಾಯ, ಸಮುದ್ರದಲ್ಲಿ ತಾವರೆ ಉಂಟು" ಎಂದ. ಅಷ್ಟರಲ್ಲಿ ಬಿರುಗಾಳಿಯ ದೃಶ್ಯ ಬಂತು. ನಾಯಕನ ಟೋಪನ್ ಒಂದು ಬದಿಯಲ್ಲಿ ಮೆಲ್ಲನೆ ಎದ್ದಿತು. ಹೆಂಗಸರ ಕಡೆಯಿಂದ ಒಂದು ಸ್ಪಷ್ಟವಾದ ಸ್ವರ ಇಡೀ ಟಾಕೀಸಿಗೆ ಕೇಳಿತು: "ಇದು ಅವನಲ್ಲ. ಕೂದಲು ಅಂಟಿಸಿ ನಮಗೆ ಮೋಸ ಮಾಡ್ತಿದ್ದಾರೆ." ಜನ ಬಿದ್ದು ಬಿದ್ದು ನಕ್ಕರು. ಜೋಕಿಂ ಮಾಮ ನನ್ನ ಕಿವಿಯಲ್ಲಿ, "ಅದೇ ಹುಡುಗಿ" ಎಂದರು.

ನನ್ನ ಕೈ ತನ್ನಷ್ಟಕ್ಕೆ ತಲೆಯ ಮೇಲೆ ಹೋಯಿತು. ತಮಾಷೆ ನೋಡಿ, ಅದುವರೆಗೆ ಮದುವೆ ಆದರೆ ಆಯಿತು, ಬಿಟ್ಟರೆ ಬಿಟ್ಟಿತು ಎಂದುಕೊಂಡಿದ್ದವನಿಗೆ ಆ ಸ್ವರ ಕೇಳಿದ ಮೇಲೆ ಈ ಹುಡುಗಿಯೇ ಬೇಕು ಅನ್ನಿಸಿಬಿಟ್ಟಿತು. ಅಷ್ಟು ಜನರ ನಡುವೆ ಸುಳ್ಳನ್ನು ಸುಳ್ಳು ಎನ್ನುವವಳು ಸಿಗುವುದು ಸುಲಭವೇ? ಆದರೆ ಅದಕ್ಕಿಂತ ದೊಡ್ಡ ಸುಳ್ಳು ಅವಳ ಪರ್ಸಿನಲ್ಲೇ ಫೋಟೊ ಆಗಿ ಕೂತಿತ್ತು. ಇಂಟರ್ವಲ್ ಬಾರದಿರಲಿ ಎಂದು ಗೊತ್ತಿದ್ದ ಸಂತರಿಗೆಲ್ಲ ಮೊರೆಯಿಟ್ಟೆ. ಸಂತರು ಕೂಡ ಸಿನಿಮಾ ನೋಡುತ್ತಿದ್ದರೋ ಏನೋ, ಬಂದೇ ಬಂತು.

ದೀಪ ಹತ್ತಿತು. ಜೋಕಿಂ ಮಾಮ ನನ್ನನ್ನು ತೋಳು ಹಿಡಿದು ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾಗಿ ಫ್ಯಾನಿನ ಕೆಳಗೆ. ಎಣ್ಣೆ ಹಾಕಿ ಎಡಕಿವಿಯಿಂದ ಬಲಕಿವಿಗೆ ಶ್ರಮಪಟ್ಟು ಸಾಗಿಸಿದ್ದ ಕೂದಲೆಲ್ಲ ಎದ್ದು ತನ್ನ ಸ್ವಂತ ಊರಿಗೆ ಹೊರಟಿತು. ಆ ಬದಿಯಲ್ಲಿ ಬಿಳಿ ಸೀರೆಯ ಹುಡುಗಿಯೊಬ್ಬಳು ಪರ್ಸಿನಿಂದ ಫೋಟೊ ತೆಗೆದಳು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ನನ್ನ ಕೈಯಲ್ಲಿ ನೆಲಗಡಲೆ ಪೊಟ್ಟಣ ಇತ್ತು. ಬೇರೇನೂ ತೋಚದೆ ಅದನ್ನೇ ಅವಳ ಕಡೆ ಚಾಚಿದೆ. ನಡುವೆ ಹತ್ತಿಪ್ಪತ್ತು ಜನ. ಮೀನುಗಾರನೊಬ್ಬ ಥ್ಯಾಂಕ್ಸ್ ಹೇಳಿ ಪೊಟ್ಟಣ ತೆಗೆದುಕೊಂಡ.

ಸಿನಿಮಾ ಮುಗಿದು ಬಸ್ ಸ್ಟ್ಯಾಂಡಿನಲ್ಲಿ ಎರಡು ಕಡೆಯವರೂ ನಿಂತೆವು. ಕಾಪು ಬಸ್ಸು ಬಂತು. ಅವಳ ಅಪ್ಪ ತಡೆಯಲಾರದೆ ನನ್ನೆದುರೇ, ಎಂತ ಹೇಳ್ತಿ ಎಂದು ಮಗಳನ್ನು ಕೇಳಿದರು. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನನ್ನು ಅಡಿಯಿಂದ ಮುಡಿವರೆಗೆ, ಅಂದರೆ ಮುಡಿ ಇರಬೇಕಾಗಿದ್ದ ಜಾಗದವರೆಗೆ, ಇನ್ನೊಮ್ಮೆ ನೋಡಿದಳು.

"ಮಾಸ್ಟ್ರು ಫೋಟೊದಲ್ಲಿ ಇದ್ದ ಹಾಗೆ ಇಲ್ಲ ಪಪ್ಪ. ಆದ್ರೆ ಇಂಟರ್ವಲ್‌ಗೆ ಎದ್ದು ಹೋಗುವಷ್ಟು ಹಾಳೂ ಇಲ್ಲ. ಆಗಬಹುದು."

ಬಸ್ಸು ಹೋಯಿತು. ಜೋಕಿಂ ಮಾಮ ನನ್ನ ಬೆನ್ನು ತಟ್ಟುತ್ತಲೇ ಇದ್ದರು. ನನಗೆ ಸಂತೋಷದಲ್ಲಿ ಕಣ್ಣು ಮಂಜಾಗಿತ್ತು. ವರ್ಷಗಟ್ಟಲೆ ಮಕ್ಕಳಿಗೆ ಗೊಣಗಿಕೊಂಡು ಗ್ರೇಸ್ ಮಾರ್ಕು ಕೊಟ್ಟವನು ನಾನು; ಅದರಲ್ಲಿ ಪಾಸಾದವರಿಗೆ ಇಷ್ಟು ಆನಂದವಾಗುತ್ತದೆಂದು ಗೊತ್ತಿದ್ದರೆ ಇನ್ನೂ ಸ್ವಲ್ಪ ಧಾರಾಳವಾಗಿ ಕೊಡುತ್ತಿದ್ದೆ.