ಟವರಿಗೆ ಕಟ್ಟಿದ ಕರಿಮಣಿ

ಮಿಠಾಯಿ ಅಂಗಡಿಯವರು ಸಿಹಿ ತಿನ್ನುವುದನ್ನು ನಾನು ನೋಡಿಲ್ಲ. ನಮ್ಮೂರ ದರ್ಜಿಯ ಅಂಗಿಗೆ ಯಾವಾಗ ನೋಡಿದರೂ ಒಂದು ಗುಂಡಿ ಇರುವುದಿಲ್ಲ. ಅದೇ ರೀತಿ, ಮಾತನ್ನೇ ಕಸುಬು ಮಾಡಿಕೊಂಡಿರುವ ನನಗೆ ಹೆಂಡತಿಯ ಜೊತೆ ಮಾತಾಡಲು ಬರುವುದಿಲ್ಲ. ಹಲಗೂರಿನ ಹತ್ತಿರ ಇರುವ ಒಂದು ಪುಟ್ಟ ಸಮುದಾಯ ರೇಡಿಯೋದಲ್ಲಿ ನಾನು ಉದ್ಘೋಷಕ. ಉದ್ಘೋಷಕ ಎಂದರೆ ಬೀಗ ತೆಗೆಯುವವನು, ಕಸ ಗುಡಿಸುವವನು, ಕರೆಂಟು ಹೋದರೆ ಕರೆಂಟಿನವರಿಗೆ ಫೋನು ಮಾಡಿ ಬೈಸಿಕೊಳ್ಳುವವನು, ಎಲ್ಲವೂ ಸೇರಿತು. ಮಧ್ಯಾಹ್ನ ಜನ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಮೈಕಿನ ಮುಂದೆ ಕೂತು ‘ಉಂಡ್ರಾ?’ ಎನ್ನುತ್ತೇನೆ. ನಮ್ಮ ಕಡೆ ಇದು ನಮಸ್ಕಾರಕ್ಕಿಂತ ದೊಡ್ಡ ಮಾತು. ದಾರಿಯಲ್ಲಿ ಸಿಕ್ಕವರನ್ನು, ಸಾಲ ಕೇಳಲು ಬಂದವರನ್ನು, ಜಗಳ ಆಡಲು ಬಂದವರನ್ನು ಕೂಡ ಮೊದಲು ಉಂಡ್ರಾ ಎಂದು ಕೇಳಿಯೇ ಮುಂದಿನ ಮಾತು. ಅದಾದ ಮೇಲೆ ಕಬ್ಬಿನ ರೋಗ, ರೇಷ್ಮೆಗೂಡಿನ ಧಾರಣೆ, ಮಳೆಯ ಸುದ್ದಿ, ನಡುವೆ ಎರಡು ಹಾಡು, ನನ್ನದೊಂದಿಷ್ಟು ಹರಟೆ. ಮೈಕಿನ ಮುಂದೆ ನನ್ನನ್ನು ಕೂರಿಸಿದರೆ ಸಾಕು, ಮಾತು ನಾಲೆಯಲ್ಲಿ ನೀರು ಬಿಟ್ಟ ಹಾಗೆ ಬರುತ್ತದೆ. ಮೈಕು ತೆಗೆದರೆ ತೂಬು ಮುಚ್ಚಿದ ಹಾಗೆ.

ನನ್ನ ಹೆಂಡತಿ ಸುಜಾತ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬಡ್ತಿ ಸಿಕ್ಕಿತು ಎಂದು ಹೋಳಿಗೆ ಮಾಡಿ ಹಂಚಿದ ಮೇಲೆ ಗೊತ್ತಾಯಿತು, ಆ ಬಡ್ತಿ ಇರುವುದು ಯಾದಗಿರಿ ಕಡೆ ಎಂದು. ಹೋದಳು. ಮನೆಯಲ್ಲಿ ಉಳಿದವನು ನಾನು, ಗೋಡೆಗೆ ಒರಗಿಸಿಟ್ಟ ಮುದ್ದೆ ಕೋಲು. ಒಬ್ಬನಿಗೆ ಮುದ್ದೆ ತಿರುವುವುದು ಎಷ್ಟು ಕಷ್ಟ ಎಂದು ತಿರುವಿದವರಿಗೇ ಗೊತ್ತು. ಹಿಟ್ಟು ಕಡಿಮೆಯಾದರೆ ಗಂಜಿ, ಹೆಚ್ಚಾದರೆ ನಾಳೆಗೂ ಅದೇ. ಅವಳು ತಿರುವುವಾಗ ಅಡುಗೆಮನೆಯಿಂದ ಬರುತ್ತಿದ್ದ ಸದ್ದು ನನಗೆ ಆಗ ಕೇಳಿಸುತ್ತಲೇ ಇರಲಿಲ್ಲ. ಈಗ ಆ ಸದ್ದಿಲ್ಲ ಎನ್ನುವುದು ದಿನಾ ಕೇಳಿಸುತ್ತದೆ. ಅವಳೋ ಅಲ್ಲಿ ಜೋಳದ ರೊಟ್ಟಿಯ ಸೀಮೆಯಲ್ಲಿ ಕೂತು ಉಪ್ಪೆಸರು ಮುದ್ದೆಯ ಕನಸು ಕಾಣುತ್ತಿದ್ದಳು.

ಫೋನಿದೆಯಲ್ಲ ಎನ್ನುತ್ತೀರಿ. ಇದೆ. ದಿನಾ ಮಾಡುತ್ತಿದ್ದೆವು. ಊಟ ಆಯ್ತಾ ಎಂದು ಅವಳು, ಆಯ್ತು ಎಂದು ನಾನು. ಮತ್ತೆ? ಎಂದು ಅವಳು, ಮತ್ತೇನಿಲ್ಲ ಎಂದು ನಾನು. ಆಮೇಲೆ ಇಬ್ಬರೂ ಫೋನು ಇಡುತ್ತಿದ್ದೆವು. ಹೀಗಿರುವಾಗ ಒಂದು ದಿನ ಅವಳು, ವರ್ಗಾವಣೆ ಶುರುವಾಗಿದೆ, ನಮ್ಮೂರ ಪಕ್ಕದ ಮಳವಳ್ಳಿ ಕಡೆ ಜಾಗ ಖಾಲಿ ಇದೆಯಂತೆ, ಬಂದರೆ ಬಡ್ತಿಯಲ್ಲಿ ಸಿಕ್ಕ ಈ ವಾರ್ಡಿನ ಮೇಲ್ವಿಚಾರಣೆ ಬಿಟ್ಟು ಬರಬೇಕು, ಅರ್ಜಿ ಹಾಕ್ಲಾ ಎಂದು ಕೇಳಿದಳು. ಹಾಕು, ಇವತ್ತೇ ಹಾಕು, ಆಗದಿದ್ದರೆ ನಾನೇ ಬಂದು ಹಾಕುತ್ತೇನೆ ಎಂದು ಒಳಗೊಳಗೇ ಕೂಗಿಕೊಂಡೆ. ಬಾಯಿಂದ ಬಂದದ್ದು ಮಾತ್ರ ‘ನಿನ್ನಿಷ್ಟ’ ಎನ್ನುವ ಒಂದೇ ಮಾತು. ಆ ಕಡೆ ಅವಳು ಹೂಂ ಎಂದಳು. ಆ ಹೂಂ ಎಂಥದ್ದು ಎಂದು ಮದುವೆಯಾದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೈಕಿನ ಮುಂದಿನ ನನ್ನನ್ನು ಅವಳು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸತೊಡಗಿತು. ಇಲ್ಲಿದ್ದಾಗ ಅವಳಿಗೆ ಮಧ್ಯಾಹ್ನ ಡ್ಯೂಟಿ, ಕೇಳಿದವಳಲ್ಲ. ಈಗ ಆ ಹೊತ್ತಿಗೆ ಅವಳಿಗೆ ಊಟದ ಬಿಡುವು, ಆದರೆ ನಮ್ಮ ರೇಡಿಯೋದ ದನಿ ಹಲಗೂರು ದಾಟಿ ನಾಲ್ಕಾರು ಹಳ್ಳಿ ಹೋಗುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತದೆ. ಯಾದಗಿರಿ ಎಲ್ಲಿ, ಅದೆಲ್ಲಿ.

ದೇವರು ಕಳಿಸಿದ ಹಾಗೆ ಮದ್ದೂರಿನಿಂದ ಪುಟ್ಟರಾಜು ಬಂದ. ಹಳ್ಳಿಹಳ್ಳಿಗೆ ವೈರಿಲ್ಲದೆ ಇಂಟರ್ನೆಟ್ ಕೊಡುವುದು ಅವನ ವ್ಯಾಪಾರ. ಮದ್ದೂರಿನಲ್ಲಿ ಒಂದು ಡಿಶ್ಶು, ಅದಕ್ಕೆ ಎದುರಾಗಿ ನಮ್ಮ ಟವರಿನಲ್ಲಿ ಒಂದು ಡಿಶ್ಶು. ಅಲ್ಲಿಂದ ಇಲ್ಲಿಗೆ ಇಂಟರ್ನೆಟ್ ಹಾರಿ ಬರುತ್ತದೆ, ಇಲ್ಲಿಂದ ಸುತ್ತಲ ಮನೆಗಳಿಗೆ ಹಂಚುವುದು. ಬದಲಿಗೆ ನಮ್ಮ ರೇಡಿಯೋಗೆ ಇಂಟರ್ನೆಟ್ ಪುಕ್ಕಟೆ. ‘ಸಾ, ನಿಮ್ ಟವರ್ ಮ್ಯಾಲೆ ನಮ್ದೊಂದ್ ಡಬ್ಬ ಕಟ್ಟಕ್ ಬುಡಿ, ನಿಮ್ ದನೀನ ಎಲ್ಲಿ ಕೂತ್ಕಂಡು ಬೇಕಾದ್ರೂ ಪೋನಲ್ಲಿ ಕೇಳಂಗ್ ಮಾಡ್ಕೊಡ್ತೀನಿ’ ಎಂದ. ಎಲ್ಲಿ ಕೂತರೂ ಎಂದರೆ ಯಾದಗಿರಿಯಲ್ಲಿ ಕೂತರೂ ತಾನೆ ಎಂದು ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಟವರಿಗೆ ಜಾಗ ಕೊಟ್ಟವರು, ನಮ್ಮ ರೇಡಿಯೋದ ಅಧ್ಯಕ್ಷರು ನಿಂಗೇಗೌಡರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಈಗಲೂ ಅವರು ಬಂದರೆ ನಾನು ನೆಟ್ಟಗೆ ನಿಲ್ಲುತ್ತೇನೆ. ಟವರು ಇರುವುದು ಅವರ ಮನೆಯ ಹಿತ್ತಲಿನಲ್ಲಿ, ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ನಮ್ಮ ಸ್ಟುಡಿಯೋ. ಅವರೂ ಒಪ್ಪಿದರು.

ಟವರು ಹತ್ತುವವರು ಹತ್ತುವ ಮುಂಚೆ ರೇಡಿಯೋ ಟ್ರಾನ್ಸ್‌ಮಿಟರ್ ಬಂದ್ ಮಾಡಬೇಕು. ಅದರ ಅಲೆಗಳು ಹತ್ತಿರದಲ್ಲಿ ಮೈಗೆ ಕೆಟ್ಟದ್ದು. ಬಂದ್ ಮಾಡಿ ಹೊರಗೆ ಬಂದರೆ ಗೌಡರು ಟವರಿನ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಇಟ್ಟು ಸಿದ್ಧರಾಗಿದ್ದರು. ಪುಟ್ಟರಾಜುವಿನ ಹುಡುಗರು ಸೊಂಟಕ್ಕೆ ಬೆಲ್ಟು ಬಿಗಿದು ಹತ್ತಿದರು. ಅರ್ಧ ಹತ್ತಿದ ಮೇಲೆ ಇಲ್ಲೇ ಕಟ್ಟೋಣವೇ ಎಂದು ಒಬ್ಬ ಕೂಗಿದ. ನಾನು ಕೆಳಗಿನಿಂದ ಇನ್ನೂ ಮೇಲಕ್ಕೆ ಎಂದೆ. ತೆಂಗಿನ ಗರಿ ಅಡ್ಡ ಬರುತ್ತದೆ ಎಂದು ಪುಟ್ಟರಾಜುವಿಗೆ ಕಾರಣ ಕೊಟ್ಟೆ. ನಿಜವಾದ ಕಾರಣ ನಿಮಗೆ ಮಾತ್ರ ಹೇಳುತ್ತೇನೆ, ಎಷ್ಟು ಎತ್ತರ ಕಟ್ಟಿದರೆ ಅಷ್ಟು ದೂರ ಹೋಗುತ್ತದೆ ಎಂದು ನನ್ನ ಲೆಕ್ಕ. ಡಿಶ್ಶು ಮುಖ ಮಾಡಬೇಕಾಗಿದ್ದದ್ದು ಮದ್ದೂರಿಗೆ. ಮದ್ದೂರು ನಮಗೆ ಬಡಗಲ ದಿಕ್ಕು, ಯಾದಗಿರಿಯೂ ಬಡಗಲೇ. ಅದು ನನ್ನ ಹೆಂಡತಿಯ ಕಡೆಗೇ ಮುಖ ಮಾಡಿ ನಿಂತಿದೆ ಎಂದು ನಾನು ಕತ್ತು ನೋಯುವ ತನಕ ನೋಡಿದೆ. ಎತ್ತರವೇ ಒಳ್ಳೆಯದು ಎಂದು ಗೌಡರೂ ಸೇರಿಕೊಂಡರು. ಕೊನೆಗೆ ಡಿಶ್ಶು ಸಮೇತ ಪುಟ್ಟರಾಜುವಿನ ಡಬ್ಬ ಟವರಿನ ತುತ್ತತುದಿಯಲ್ಲಿ, ನಮ್ಮ ರೇಡಿಯೋದ ಆಂಟೆನಾಕ್ಕೆ ಭುಜ ತಾಗಿಸಿಕೊಂಡು ಕೂತಿತು.

ಮಾರನೆಯ ಮಧ್ಯಾಹ್ನ, ಊಟದ ಹೊತ್ತಿಗೆ ಫೋನಿನಲ್ಲಿ ನಮ್ಮ ರೇಡಿಯೋ ಹಾಕಿಕೋ ಎಂದು ಸುಜಾತಳಿಗೆ ಹೇಳಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟುಡಿಯೋಗೆ ಹೋದೆ. ರೇಡಿಯೋದವನಿಗೆ ಇಸ್ತ್ರಿ ಅಂಗಿ ಯಾಕೆ ಎಂದು ಕೇಳಬೇಡಿ. ಮೈಕು ಪರೀಕ್ಷೆಗೆ ಹಲೋ ಹಲೋ ಎಂದೆ, ಕೆಮ್ಮಿ ಗಂಟಲು ಸರಿ ಮಾಡಿಕೊಂಡೆ, ಟ್ರಾನ್ಸ್‌ಮಿಟರ್ ಹಾಕಿದೆ, ಉಂಡ್ರಾ ಎಂದೆ. ಅವತ್ತಿನಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಬೆಲ್ಲದ ಧಾರಣೆಯನ್ನು ಕೂಡ ಪ್ರೀತಿಯಿಂದ ಓದಿದೆ. ಮುಗಿಸಿ ಫೋನು ಮಾಡಿ, ಹೇಗಿತ್ತು ಎಂದು ಕೇಳಿದೆ.

‘ಕೆಮ್ಮು ಕೇಳಿಸ್ತು’ ಎಂದಳು. ‘ಆಮೇಲೆ ಏನೂ ಇಲ್ಲ. ಯಾವಾಗಿಂದ ಕೆಮ್ಮು? ಕಷಾಯ ಮಾಡ್ಕೊಂಡ್ ಕುಡೀರಿ.’

ಮರುದಿನವೂ ಅದೇ ಆಯಿತು. ಮೂರನೆಯ ದಿನ ಅವಳು ಕಷಾಯಕ್ಕೆ ಮೆಣಸು ಎಷ್ಟು, ಶುಂಠಿ ಎಷ್ಟು ಎಂದು ಬರೆದು ಕಳಿಸಿದಳು. ನಾನು ಟ್ರಾನ್ಸ್‌ಮಿಟರ್ ಹಾಕಿದ ತಕ್ಷಣ ಇಂಟರ್ನೆಟ್ ಸತ್ತುಹೋಗುತ್ತಿತ್ತು. ತೆಗೆದ ತಕ್ಷಣ ಎದ್ದು ಕೂರುತ್ತಿತ್ತು. ಹಾಗಾಗಿ ನನ್ನ ಇಡೀ ಕಾರ್ಯಕ್ರಮದಲ್ಲಿ ಹೆಂಡತಿಗೆ ತಲುಪುತ್ತಿದ್ದದ್ದು ಎರಡು ಹಲೋ, ಒಂದು ಕೆಮ್ಮು. ಇದು ನನ್ನೊಬ್ಬನ ತಾಪತ್ರಯವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸುತ್ತಲ ಮನೆಯವರೆಲ್ಲ ಅಷ್ಟರಲ್ಲಿ ಪುಟ್ಟರಾಜುವಿನ ಇಂಟರ್ನೆಟ್ ಹಾಕಿಸಿಕೊಂಡಿದ್ದರು. ರೇಡಿಯೋ ಶುರುವಾದರೆ ನೆಟ್ಟು ಹೋಗುತ್ತದೆ ಎಂದು ಅವರಿಗೂ ಗೊತ್ತಾಯಿತು. ಕ್ರಿಕೆಟ್ ಮ್ಯಾಚಿನ ದಿನ ಬಸ್‌ಸ್ಟಾಪಿನ ಕಡೆಯ ನಾಲ್ಕು ಜನ ಬಂದು, ಮ್ಯಾಚು ಮುಗಿಯುವ ತನಕ ಮಾತಾಡಬೇಡಿ ಎಂದು ಬಹಳ ಮರ್ಯಾದೆಯಿಂದ ಕೇಳಿಕೊಂಡರು. ರೇಡಿಯೋದ ಅಧ್ಯಕ್ಷರೇ ಒಂದು ದಿನ ಕಿಟಕಿಯಲ್ಲಿ ತಲೆ ಹಾಕಿ, ‘ಒಸಿ ವೊತ್ತು ಸುಮ್ಕಿರ್ಲಾ ಸಿವಲಿಂಗ, ಮೊಬೈಲಲ್ಲಿ ಒಂದ್ ನಾಟ್ಕ ನೋಡ್ತಾ ಇವ್ನಿ’ ಎಂದರು. ಜೀವಮಾನದಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು. ಸುಮ್ಮನಿದ್ದರೆ ಸಾಕು, ಊರಿಗೆಲ್ಲ ಉಪಕಾರ.

ನಗುತ್ತಿದ್ದೆ ನಿಜ, ಆದರೆ ಒಳಗೆ ಬಹಳ ಸಂಕಟವಾಗುತ್ತಿತ್ತು. ವರ್ಗಾವಣೆಯ ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಮನೆಗೆ ಹೋದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಚಪ್ಪಲಿಯ ಜಾಗ ಬಿಟ್ಟೇ ಬಿಡುತ್ತಿದ್ದೆ.

ಪುಟ್ಟರಾಜುವನ್ನು ಕರೆಸಿದೆ. ಅವನು ಟವರಿನ ತುದಿ ನೋಡಿದ, ತಲೆ ಕೆರೆದುಕೊಂಡ. ರೇಡಿಯೋದ ಅಲೆ ಪಕ್ಕದಲ್ಲೇ ಇರುವ ಇವನ ವೈರಿನೊಳಕ್ಕೆ ನುಗ್ಗುತ್ತಿದೆ, ಡಬ್ಬವನ್ನು ಅರ್ಧಕ್ಕೆ ಇಳಿಸಬೇಕು, ಕವಚ ಇರುವ ವೈರು ಎಳೆಯಬೇಕು ಎಂದ. ಇಳಿಸುವುದು ಎಂದ ಕೂಡಲೇ ನನ್ನ ಮುಖ ಇಳಿಯಿತು. ಅಷ್ಟು ಎತ್ತರ ಕಟ್ಟಿದ್ದನ್ನು ಇಳಿಸಿದರೆ ದೂರ ಕಡಿಮೆಯಾಗುವುದಿಲ್ಲವೇ ಎಂದು ಗೊಣಗಿದೆ.

‘ಸಾ, ಎರಡೂ ಅಂಟ್ಕಂಡ್ ಕೂತ್ರೆ ಒಂದರ ಮಾತು ಇನ್ನೊಂದ್ಕೆ ಆಗಾಕಿಲ್ಲ’ ಎಂದ ಪುಟ್ಟರಾಜು. ‘ಒಸಿ ದೂರ ಇರ್ಲಿ ಬುಡಿ, ಆಗ ಎರಡೂ ಬಾಯ್ ಬುಡ್ತವೆ.’

ಅವನು ಹೇಳಿದ್ದು ಡಬ್ಬದ ವಿಷಯ. ನಾನು ಮಾತ್ರ ಅವತ್ತೆಲ್ಲ ಬೇರೆಯದನ್ನೇ ಯೋಚಿಸಿದೆ.

ಮತ್ತೆ ಟ್ರಾನ್ಸ್‌ಮಿಟರ್ ಬಂದ್ ಮಾಡಿದೆವು, ಗೌಡರು ಇನ್ನೊಂದು ಕಾಯಿ ಒಡೆದರು. ಡಬ್ಬ ಅರ್ಧಕ್ಕೆ ಇಳಿಯಿತು. ಹೊಸ ವೈರು ಎಳೆದು, ಹಾಳು ಅಲೆಗಳನ್ನು ತಡೆಯಲೆಂದು ಅದರ ಎರಡು ತುದಿಗೂ ದಪ್ಪ ಕಪ್ಪು ಮಣಿಯಂಥವನ್ನು ಸಾಲಾಗಿ ಕಚ್ಚಿಸಿದರು. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಗೌಡರ ಹೆಂಡತಿ ಸಾಕಮ್ಮನವರು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ‘ಟವರ್ಗೂ ಕರಿಮಣಿ ಕಟ್ಟುದ್ರಾ? ಸದ್ಯ, ಇನ್ಮೇಲಾದ್ರೂ ಸಂಸಾರ ನೆಟ್ಗಾಯ್ತದೆ ಬುಡಿ’ ಎಂದರು. ಎಲ್ಲರೂ ನಕ್ಕರು. ನಾನು ಆ ಮಣಿಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾರನೆಯ ದಿನ ಹಲೋ ಎಂದೆ. ಕೆಮ್ಮಬೇಕು ಅನ್ನಿಸಿತು, ತಡೆದುಕೊಂಡೆ. ಟ್ರಾನ್ಸ್‌ಮಿಟರ್ ಹಾಕಿದೆ. ಕಂಪ್ಯೂಟರಿನಲ್ಲಿ ಇಂಟರ್ನೆಟ್ಟಿನ ಹಸಿರು ದೀಪ ಹಾಗೇ ಉರಿಯುತ್ತಿತ್ತು. ಉಂಡ್ರಾ ಎಂದೆ, ಕಬ್ಬಿನ ವಿಷಯಕ್ಕೆ ಹೋದೆ. ಕಬ್ಬು ಮುಗಿದು ಮಳೆಯ ಸುದ್ದಿಗೆ ಬರುವ ಹೊತ್ತಿಗೆ ಮೇಜಿನ ಮೇಲಿದ್ದ ಫೋನು ಬೆಳಗಿತು. ‘ಉಂಡೆ. ರೊಟ್ಟಿ. ನೀವು?’ ಎಂದಿತ್ತು. ಇಂಟರ್ನೆಟ್ಟಿನಲ್ಲಿ ನನ್ನ ದನಿ ಅವಳಿಗೆ ತಲುಪುವುದು ಸ್ವಲ್ಪ ತಡ, ಪುಟ್ಟರಾಜು ಮೊದಲೇ ಹೇಳಿದ್ದ. ಆದರೆ ತಲುಪಿತ್ತು. ನನ್ನ ಹೆಂಡತಿ ನನ್ನ ಮಾತು ಕೇಳುತ್ತಿದ್ದಳು. ಕಣ್ಣು ಮಂಜಾಗಿ ಮಳವಳ್ಳಿಯ ಮಳೆಯನ್ನು ಮದ್ದೂರಿಗೆ ಸುರಿಸಿಬಿಟ್ಟೆ.

ಅಲ್ಲಿಂದ ಮುಂದೆ ಒಂದು ಹೊಸ ಅಭ್ಯಾಸವಾಯಿತು. ಉಂಡ್ರಾ ಎಂದು ಕೇಳಿ, ಫೋನು ಬೆಳಗುವ ತನಕ ಸುಮ್ಮನೆ ಕಾಯುತ್ತೇನೆ. ಅಷ್ಟು ಹೊತ್ತು ಹಲಗೂರಿನ ಸುತ್ತಮುತ್ತಲ ರೇಡಿಯೋಗಳೆಲ್ಲ ಮೂಕವಾಗಿ ನನ್ನ ಹೆಂಡತಿಯ ಉತ್ತರಕ್ಕೆ ಕಾಯುತ್ತವೆ. ಒಂದು ದಿನ ಅವಳಿಗೆ ವಾರ್ಡಿನಲ್ಲಿ ತಡವಾಗಿ ಉತ್ತರ ಬರಲೇ ಇಲ್ಲ. ಕಾದೆ, ಕಾದೆ. ಕಿಟಕಿಯಾಚೆಯಿಂದ ಸಾಕಮ್ಮನವರ ದನಿ ಬಂತು.

‘ಉಂಡಾಯ್ತು ಕಣಪ್ಪ, ಎಲ್ರುದೂ ಉಂಡಾಯ್ತು. ಮುಂದ್ಕೆ ಯೋಳು.’

ಅರ್ಜಿಯ ಕೊನೆಯ ದಿನ ಬಂತು. ಹಿಂದಿನ ಸಂಜೆ ಫೋನಿನಲ್ಲಿ ಹೇಳಿಯೇಬಿಡೋಣ ಎಂದು, ಧೈರ್ಯಕ್ಕಿರಲಿ ಅಂತ ಬಂದ್ ಆಗಿದ್ದ ಮೈಕಿನ ಮುಂದೆಯೇ ಕೂತು ಫೋನು ಮಾಡಿದೆ. ಗಂಟಲು ಸರಿ ಮಾಡಿಕೊಂಡೆ. ‘ಮತ್ತೆ ಕೆಮ್ಮಾ? ಕಷಾಯ ಬಿಟ್ರಾ?’ ಎಂದಳು. ಕುಡಿಯುತ್ತೇನೆ ಎಂದೆ. ಮತ್ತೆ? ಎಂದಳು. ಮತ್ತೇನಿಲ್ಲ ಎಂದೆ.

ಮರುದಿನ ಮಧ್ಯಾಹ್ನ ಉಂಡ್ರಾ ಎಂದು ಕೇಳಿದವನು ಕಾಯಲಿಲ್ಲ. ‘ನಮ್ಮ ಕೇಳುಗರಲ್ಲಿ ಕೆಲವರು ಕೆಲಸದ ಮೇಲೆ ದೂರದ ಊರುಗಳಲ್ಲಿದ್ದೀರಿ. ಅಂಥವರು ಬೇಗ ಮನೆಗೆ ಬಂದುಬಿಡಿ. ನೀವಿಲ್ಲದೆ ಇಲ್ಲಿ ಮುದ್ದೆ ಸರಿಯಾಗುತ್ತಿಲ್ಲ, ಮನೆ ಬಿಕೋ ಎನ್ನುತ್ತಿದೆ’ ಎಂದೆ. ಎಂದವನೇ ಹೆದರಿ, ಕೈಗೆ ಸಿಕ್ಕ ಹಾಳೆ ಎತ್ತಿಕೊಂಡು ಕಬ್ಬಿನ ಗೊಣ್ಣೆಹುಳುವಿನ ಹತೋಟಿ ಓದತೊಡಗಿದೆ. ಫೋನು ಬೆಳಗಿತು.

‘ಯಾರಿಗೆ ಹೇಳಿದ್ದು?’

ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ಫೋನು. ನಿನಗೇ ಎಂದು ಬರೆಯಲು ಹೋದೆ. ಬೆರಳಿಗೂ ನನ್ನ ಬಾಯಿಯ ಚಾಳಿಯೇ ಬಂದಿರಬೇಕು. ‘ಕೇಳುಗರಿಗೆ’ ಎಂದು ಬರೆದು ಕಳಿಸಿದೆ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. ‘ಕೇಳುಗರು ಅರ್ಜಿ ಹಾಕಿದ್ದಾರೆ.’

ಅವತ್ತು ಗೊಣ್ಣೆಹುಳುವಿನ ಹತೋಟಿಯನ್ನು ನಾನು ಮೊದಲಿಂದ ಕೊನೆಯ ತನಕ ಎರಡು ಸಲ ಓದಿದೆನಂತೆ. ಆಮೇಲೆ ಸ್ಟುಡಿಯೋಗೆ ಬಂದ ನಿಂಗೇಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಳ ಬಿದ್ದ ಕಬ್ಬಿನ ವಿಷಯವನ್ನು ಇಷ್ಟು ಖುಷಿಯಾಗಿ ಓದುವವನನ್ನು ತಾವು ಈ ಸೀಮೆಯಲ್ಲಿ ಕಂಡಿಲ್ಲ ಎಂದರು.